‘ಪ್ಲುಕ್ಸ್ ಕೂಬಾ’: ಚೂರು ಶಬ್ದಗಳಿಂದ ಕಟ್ಟಿದ ಪೋರ್ಚುಗಲ್ ಆಲ್ಬಮ್, ಅದರ ಹಿಂದಿನ ಲೆಕ್ಕ

1988ರಲ್ಲಿ ಲಿಸ್ಬನ್‌ನ ಅಮ ರೊಮಾಂಟ ಎಂಬ ಸಣ್ಣ ಲೇಬಲ್, ನೂನೊ ಕನವಾರೊ ಅವರ ‘ಪ್ಲುಕ್ಸ್ ಕೂಬಾ’ ಎಂಬ ಎಲ್‌ಪಿಯನ್ನು ಹೊರತಂದಿತು. ಉಪಶೀರ್ಷಿಕೆ ‘70 ಹಾವುಗಳಿಗೆ ಸಂಗೀತ’. ಹಾವು ಎಂದೊಡನೆ ಪುಂಗಿ ನೆನಪಾದರೆ ಬಿಟ್ಟುಬಿಡಿ, ಅಂಥದ್ದೇನೂ ಇಲ್ಲಿಲ್ಲ. ಇರುವುದು ಅರೆಬರೆ ಮಾತಿನ ಚೂರುಗಳು, ಗಂಟೆಯ ಹಾಗೆ ಮಿಡಿಯುವ ಸ್ವರಗಳು, ಆರ್ಗನ್ನಿನಂತೆ ಎಳೆದ ನಾದಗಳು, ನಡುನಡುವೆ ಧಾರಾಳವಾಗಿ ಮೌನ. ಡ್ರಮ್ಮಿನ ಹೊಡೆತ ಹುಡುಕಿದರೂ ಸಿಗುವುದು ಕಷ್ಟ. ಹಲವು ತುಣುಕುಗಳಿಗೆ ಹೆಸರೇ ಇಲ್ಲ. ಹೆಸರಿರುವವು ‘ಆಲ್ಸೀ’, ‘ವಾಸ್ಕ್’, ‘ವುಲ್ಫಿ’, ‘ಬ್ರೂಮ’ ಎಂಬಂಥವು. ಹಾಡು ಎನ್ನಲು ಬರುವುದಿಲ್ಲ, ಗದ್ದಲ ಎನ್ನಲೂ ಬರುವುದಿಲ್ಲ.

ಬಂದಾಗ ಇದನ್ನು ಕೇಳಿದವರು ಬೆರಳೆಣಿಕೆ. 1991ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಕ್ರಿಸ್ಟಾಫ್ ಹೇಮನ್ ಎಂಬ ಸಂಗೀತಗಾರ ಕೆಲವು ಗೆಳೆಯರಿಗೆ ಈ ತಟ್ಟೆ ಹಾಕಿ ಕೇಳಿಸಿದರು. ಆ ಗುಂಪಿನಲ್ಲಿ ಅಮೆರಿಕದ ಜಿಮ್ ಒರೂರ್ಕ್ ಇದ್ದರು, ಮುಂದೆ ‘ಮೌಸ್ ಆನ್ ಮಾರ್ಸ್’ ಜೋಡಿಯಲ್ಲಿ ಒಬ್ಬರಾದ ಯಾನ್ ವೆರ್ನರ್ ಇದ್ದರು. 1998ರಲ್ಲಿ ಒರೂರ್ಕ್ ತಮ್ಮ ಮೊಯ್ಕಾಯ್ ಲೇಬಲ್‌ನಿಂದ ಇದನ್ನು ಸಿಡಿಯಾಗಿ ಮರುಮುದ್ರಿಸಿದ ಮೇಲೆ ಆಲ್ಬಮ್‌ಗೆ ಎರಡನೇ ಆಯುಷ್ಯ ಬಂತು. ಆಗಿನಿಂದ ಒಂದು ಮಾತು ಚಾಲ್ತಿಯಲ್ಲಿದೆ: ಗ್ಲಿಚ್ ಸಂಗೀತವನ್ನು ಅದು ಹುಟ್ಟುವ ಮೊದಲೇ ಮಾಡಿದ ಆಲ್ಬಮ್ ಇದು.

ಆ ಮಾತು ಅರ್ಧ ಮಾತ್ರ ಸರಿ. ಗ್ಲಿಚ್ ಅಂದರೆ ಯಂತ್ರ ಕೆಟ್ಟಾಗ ಹೊರಡುವ ಸದ್ದನ್ನೇ ಸಂಗೀತದ ಸಾಮಗ್ರಿ ಮಾಡಿಕೊಳ್ಳುವುದು. ‘ಪ್ಲುಕ್ಸ್ ಕೂಬಾ’ದಲ್ಲಿ ಯಾವುದೂ ಕೆಟ್ಟಿಲ್ಲ. ಇಲ್ಲಿರುವುದು ಸ್ಯಾಂಪ್ಲರ್‌ನ ವ್ಯಾಕರಣ: ಶಬ್ದದ ಚಿಕ್ಕ ಚೂರೊಂದನ್ನು ಹಿಡಿದು, ಅದನ್ನೇ ಎಳೆದು, ಕುಗ್ಗಿಸಿ, ಸುತ್ತಿಸಿ ರಾಗ ಕಟ್ಟುವ ವಿಧಾನ. ಆ ಕಾಲದ ಸ್ಯಾಂಪ್ಲರ್‌ಗಳಲ್ಲಿ ಜಾಗ ಎಷ್ಟಿತ್ತು, ಆ ಜಾಗದ ಬಡತನ ಶಬ್ದಕ್ಕೆ ಏನು ಮಾಡುತ್ತಿತ್ತು ಎಂಬ ಲೆಕ್ಕ ಗೊತ್ತಾದರೆ, ಮೊದಲ ಸಲ ಗೊಂದಲವಾಗಿ ಕೇಳಿಸುವ ಈ ಆಲ್ಬಮ್ ಬೇಗ ಬಿಡಿಸಿಕೊಳ್ಳುತ್ತದೆ.

ಎಲ್ಲಿಂದ ಬಂತು

ಪೋರ್ಚುಗಲ್‌ನ ಸರ್ವಾಧಿಕಾರ ಮುಗಿದದ್ದು 1974ರ ಏಪ್ರಿಲ್ 25ರಂದು. 1980ರ ಹೊತ್ತಿಗೆ ಪೋರ್ಚುಗೀಸ್ ಭಾಷೆಯ ರಾಕ್ ಸಂಗೀತ ಒಮ್ಮೆಲೇ ಜನಪ್ರಿಯವಾಯಿತು. ಕನವಾರೊ ಆ ಅಲೆಯಲ್ಲೇ ಬಂದವರು; ‘ಸ್ಟ್ರೀಟ್ ಕಿಡ್ಸ್’ ಎಂಬ ನ್ಯೂವೇವ್ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಅಂಚಿನ ಪ್ರಯೋಗಗಳೂ ಆಗಲೇ ಇದ್ದವು. ಜೋರ್ಜ್ ಲಿಮಾ ಬರೆಟೊ ಮತ್ತು ವಿಟೋರ್ ರೂಆ 1982ರಲ್ಲಿ ಕಟ್ಟಿದ ‘ಟೆಲೆಕ್ಟು’, ಪುನರಾವರ್ತನೆಯ ವಿನ್ಯಾಸಗಳಿಂದ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿತ್ತು. ಆ ರೂಆ ಕೂಡ ಜನಪ್ರಿಯ ರಾಕ್ ತಂಡವೊಂದರ ಸ್ಥಾಪಕರೇ. ರಾಕ್ ಮತ್ತು ಪ್ರಯೋಗದ ನಡುವಿನ ಗೋಡೆ ಅಲ್ಲಿ ತೆಳುವಾಗಿತ್ತು.

ಅಮ ರೊಮಾಂಟ ಶುರುವಾದದ್ದು 1986ರಲ್ಲಿ, ‘ಪಾಪ್ ಡೆಲ್ಲಾರ್ಟೆ’ ತಂಡದ ಗಾಯಕ ಜೊವಾವ್ ಪೆಶ್ಟ್ ಅವರಿಂದ. ದೊಡ್ಡ ಕಂಪನಿಗಳು ಮುಟ್ಟದ ತಂಡಗಳಿಗೆ ಅದು ಜಾಗ ಕೊಟ್ಟಿತು. ಅದರ ಕೇಳುಗರು ಮುಖ್ಯವಾಗಿ ಪೋಸ್ಟ್‌ಪಂಕ್, ಅಂದರೆ ಪಂಕ್ ರಾಕ್‌ನ ನಂತರ ಬಂದ ಪ್ರಯೋಗಶೀಲ ರಾಕ್, ಕೇಳುವವರು. ಗಿಟಾರಿಲ್ಲದ, ಪದ್ಯವಿಲ್ಲದ, ವೇದಿಕೆಯ ಮೇಲೆ ನುಡಿಸಿ ತೋರಿಸಲು ಸುಲಭವಲ್ಲದ ಈ ತಟ್ಟೆಯನ್ನು ಅವರು ಯಾವ ಸಾಲಿಗೆ ಸೇರಿಸಬೇಕಿತ್ತು? ಶಾಸ್ತ್ರೀಯ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಪರಂಪರೆಗೂ ಇದು ಸೇರಿದ್ದಲ್ಲ. ಕೇಳುಗರು ಕಡಿಮೆಯಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಸ್ಯಾಂಪ್ಲರ್ ಎಂದರೆ ಏನು, ಅದರಲ್ಲಿ ಎಷ್ಟು ಹಿಡಿಯುತ್ತದೆ

ಸಿಂಥಸೈಜರ್ ಶಬ್ದವನ್ನು ತಾನೇ ಹುಟ್ಟಿಸುತ್ತದೆ. ಸ್ಯಾಂಪ್ಲರ್ ಹೊರಗಿನ ಶಬ್ದವನ್ನು ಮೈಕಿನಿಂದ ತೆಗೆದುಕೊಂಡು, ಅಂಕಿಗಳಾಗಿ ಮೆಮೊರಿಯಲ್ಲಿಟ್ಟು, ಕೀಬೋರ್ಡಿನ ಮನೆಗಳಿಗೆ ಹಂಚುತ್ತದೆ. 1979ರಲ್ಲಿ ಬಂದ ಆಸ್ಟ್ರೇಲಿಯಾದ ಫೇರ್‌ಲೈಟ್ ಈ ಕೆಲಸವನ್ನು ಮಾಡುತ್ತಿತ್ತಾದರೂ ಅದರ ಬೆಲೆ ಹತ್ತಾರು ಸಾವಿರ ಡಾಲರ್. 1985ರ ಹೊತ್ತಿಗೆ ಎನ್ಸೋನಿಕ್ ಕಂಪನಿಯ ಮಿರಾಜ್ 1,695 ಡಾಲರಿಗೆ ಸಿಕ್ಕಿತು. ಸ್ವಂತ ದುಡ್ಡಿನಲ್ಲಿ ಸಂಗೀತ ಮಾಡುವವರ ಕೈಗೆ ಸ್ಯಾಂಪ್ಲರ್ ಬಂದದ್ದು ಈ ಬಗೆಯ ಯಂತ್ರಗಳಿಂದ. ಹಾಗಾಗಿ ಲೆಕ್ಕವನ್ನೆಲ್ಲ ಮಿರಾಜ್ ಇಟ್ಟುಕೊಂಡೇ ಮಾಡೋಣ.

ಮಿರಾಜ್‌ನಲ್ಲಿದ್ದ ಮೆಮೊರಿ 128 ಕಿಲೋಬೈಟ್. ಇಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಫೋಟೋ ಒಂದೂ ಅದರಲ್ಲಿ ಹಿಡಿಯದಿರಬಹುದು. ಕೀಬೋರ್ಡಿನ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಹಂಚಿದರೆ ಒಂದೊಂದಕ್ಕೆ 64 ಕಿಲೋಬೈಟ್, ಅಂದರೆ 65,536 ಬೈಟ್. ಶಬ್ದದ ಅಲೆ ಒಂದು ಕ್ಷಣದಲ್ಲಿ ಎಲ್ಲಿದೆ ಎಂದು ಅಳೆದು ಬರೆದಿಟ್ಟ ಅಂಕಿಯೇ ಒಂದು ಅಳತೆ; ಇದು 8 ಬಿಟ್ ಯಂತ್ರವಾದ್ದರಿಂದ ಒಂದು ಅಳತೆಗೆ ಒಂದು ಬೈಟ್ ಸಾಕು. ಸೆಕೆಂಡಿಗೆ 32,000 ಸಲ ಅಳೆದರೆ 65,536 ಅಳತೆಗಳು ಎರಡು ಸೆಕೆಂಡಿಗೆ ಮುಗಿದುಹೋಗುತ್ತವೆ. ಸೆಕೆಂಡಿಗೆ 10,000 ಸಲ ಮಾತ್ರ ಅಳೆದರೆ ಆರೂವರೆ ಸೆಕೆಂಡು ಬರುತ್ತದೆ, ಆದರೆ ಶಬ್ದ ಮಂಕಾಗುತ್ತದೆ. ಮಾಡಿದ ಕೆಲಸ ಉಳಿಸಿಕೊಳ್ಳಲು ಮೂರೂವರೆ ಇಂಚಿನ ಫ್ಲಾಪಿ. ಲೂಪ್ (ಮತ್ತೆ ಮತ್ತೆ ಸುತ್ತಿಸುವ ಭಾಗ) ಎಲ್ಲಿ ಶುರು, ಎಲ್ಲಿ ಕೊನೆ ಎಂದು ತೋರಿಸಲು ಎರಡೇ ಅಂಕಿಯ ಪರದೆ, ಅದೂ ಹದಿನಾರರ ಎಣಿಕೆಯಲ್ಲಿ. ಅಲೆಯ ಚಿತ್ರ ಕಣ್ಣಿಗೆ ಕಾಣುತ್ತಿರಲಿಲ್ಲ. ಕಿವಿಯಿಂದಲೇ ಕತ್ತರಿಸಬೇಕಿತ್ತು.

ಒಂದು ಇಡೀ ಹಾಡಿನ ಸಾಲು ಇದರಲ್ಲಿ ಹಿಡಿಯುವುದಿಲ್ಲ. ಒಂದು ಉಸಿರು, ಒಂದು ಅಕ್ಷರ, ಲೋಟಕ್ಕೆ ಬಿದ್ದ ಒಂದು ಪೆಟ್ಟು ಹಿಡಿಯುತ್ತದೆ. ಈ ಕಾಲದ ಚೂರು ಸಂಗೀತಕ್ಕೆ ಸೌಂದರ್ಯ ಸಿದ್ಧಾಂತ ಹುಡುಕುವವರು ಮೊದಲು ಈ ಭಾಗಾಕಾರ ಮಾಡಿ ನೋಡಬೇಕು.

ಕಿವಿಗೆ ಸಿಗುವ ಮೂರು ಗುರುತುಗಳು

ಮೊದಲನೆಯದು ಶಬ್ದದ ಮೈ. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದವರೆಗಿನ ಕಂಪನಗಳು ಮಾತ್ರ ಸರಿಯಾಗಿ ದಾಖಲಾಗುತ್ತವೆ. 10,000 ಸಲ ಅಳೆದರೆ 5,000 ಹರ್ಟ್ಝ್‌ವರೆಗೆ. ‘ಸ’ ಅಕ್ಷರದ ಸೀಟಿಯಂಥ ಸದ್ದಿನ ಬಹುಪಾಲು ಇದಕ್ಕಿಂತ ಮೇಲಿರುತ್ತದೆ. ಹಾಗಾಗಿ ಅದು ಬಿದ್ದುಹೋಗಿ ‘ಸ’ ಎಂಬುದು ‘ಫ’ದ ಹತ್ತಿರ ಕೇಳಿಸುತ್ತದೆ, ಸ್ವರಾಕ್ಷರಗಳು ಮಾತ್ರ ಹಾಗೇ ಉಳಿಯುತ್ತವೆ. ಮಾತು ಮಾತಿನಂತೆಯೇ ಇದ್ದು ಅರ್ಥ ಮಾತ್ರ ಜಾರಿಹೋಗುವುದಕ್ಕೆ ಇದು ಒಂದು ಕಾರಣ.

ಅಳೆಯುವ ಮೊದಲು ಫಿಲ್ಟರ್ ಹಾಕದಿದ್ದರೆ ಇನ್ನೊಂದು ತೊಂದರೆ. 5,000ಕ್ಕಿಂತ ಮೇಲಿನ ಕಂಪನಗಳು ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬರುತ್ತವೆ. 7,000 ಹರ್ಟ್ಝ್‌ನ ಸ್ವರ 3,000ದಲ್ಲಿ ಕಾಣಿಸಿಕೊಳ್ಳುತ್ತದೆ. ಮೂಲ ಸ್ವರಕ್ಕೂ ಇದಕ್ಕೂ ಸ್ವರಸಂಬಂಧ ಇರುವುದಿಲ್ಲ. ಗಂಟೆ, ಲೋಹ, ಗಾಜು ಇವುಗಳ ಮೇಲೆ ಇದಾದರೆ ವಿಚಿತ್ರವಾದ ಹೊಳಪು ಬರುತ್ತದೆ. ಮನುಷ್ಯರ ದನಿಯ ಮೇಲಾದರೆ ಕಿರಿಕಿರಿ. ಜೊತೆಗೆ 8 ಬಿಟ್ ಎಂದರೆ ಒಟ್ಟು 256 ಮೆಟ್ಟಿಲುಗಳು. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ಎಂದು ಹಿಡಿದರೆ ಅತಿ ಜೋರು ಮತ್ತು ಅತಿ ಮೆಲುವಿನ ನಡುವೆ ಇರುವ ಅಂತರ 48 ಡೆಸಿಬೆಲ್. ಸಿಡಿಯಲ್ಲಿ ಇದು 96. ಈ ಕೊರತೆ ಶಬ್ದದ ಅಂಚಿನಲ್ಲಿ ಸಣ್ಣ ಮರಳಿನಂಥ ಕರಕರವಾಗಿ ಉಳಿಯುತ್ತದೆ.

ಎರಡನೆಯ ಗುರುತು ಶ್ರುತಿಯದು. ಹಳೆಯ ಸ್ಯಾಂಪ್ಲರ್ ಸ್ವರ ಏರಿಸುವುದು ಒಂದೇ ದಾರಿಯಿಂದ: ಹಿಡಿದಿಟ್ಟ ಅಂಕಿಗಳನ್ನು ಬೇಗ ಬೇಗ ಓದಿ. ಒಂದು ಸ್ಥಾಯಿ ಮೇಲೆ ಹೋದರೆ ಎರಡರಷ್ಟು ವೇಗ, ಅರ್ಧದಷ್ಟು ಅವಧಿ. ಷಡ್ಜದಿಂದ ಪಂಚಮಕ್ಕೆ, ಅಂದರೆ ಏಳು ಮನೆ ಮೇಲೆ, ಹೋದರೆ ಸುಮಾರು ಒಂದೂವರೆ ಪಟ್ಟು ವೇಗ. ಎರಡು ಸೆಕೆಂಡಿನ ಚೂರು 1.33 ಸೆಕೆಂಡಿಗೆ ಮುಗಿಯುತ್ತದೆ. ಸ್ಥಾಯಿ ಕೆಳಗಿಳಿದರೆ ಅದೇ ಚೂರು ನಾಲ್ಕು ಸೆಕೆಂಡು ಹರಡಿಕೊಳ್ಳುತ್ತದೆ. ಒಂದೇ ಚೂರಿನಿಂದ ಮೂರು ಸ್ವರದ ಮೇಳ ನುಡಿಸಿದರೆ ಮೂರೂ ಒಟ್ಟಿಗೆ ಶುರುವಾಗಿ ಬೇರೆ ಬೇರೆ ಹೊತ್ತಿಗೆ ಮುಗಿಯುತ್ತವೆ. ಈ ಜಾತಿಯ ಸಂಗೀತದಲ್ಲಿ ತಾಳ ಜಾರಿದಂತೆ ಅನಿಸುವುದಕ್ಕೆ ಬಹಳ ಸಲ ಇಷ್ಟೇ ಕಾರಣ.

ದನಿಯ ವಿಷಯಕ್ಕೆ ಬಂದರೆ ಇನ್ನೂ ಒಂದು ಪದರ ಇದೆ. ನಾವು ‘ಆ’ ಎನ್ನುವಾಗ ಗಂಟಲಿನಿಂದ ಹೊರಡುವ ಸ್ವರ ಬೇರೆ, ಬಾಯಿಯ ಗುಹೆ ಅದಕ್ಕೆ ಕೊಡುವ ಬಣ್ಣ ಬೇರೆ. ಗಂಡಸಿನ ‘ಆ’ದಲ್ಲಿ ಈ ಬಣ್ಣ ಸುಮಾರು 700 ಮತ್ತು 1,100 ಹರ್ಟ್ಝ್‌ಗಳ ಸುತ್ತ ಗಟ್ಟಿಯಾಗಿರುತ್ತದೆ. ನಿಜವಾಗಿ ಹಾಡುವವರು ಶ್ರುತಿ ಏರಿಸಿದಾಗ ಬಾಯಿಯ ಅಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸ್ಯಾಂಪ್ಲರ್ ಹಾಗಲ್ಲ, ಎರಡನ್ನೂ ಒಟ್ಟಿಗೆ ಎಳೆಯುತ್ತದೆ. ನಾಲ್ಕೈದು ಮನೆ ಏರಿಸಿದರೆ ಬಾಯಿಯೇ ಚಿಕ್ಕದಾದಂತೆ, ಮಗುವಿನ ದನಿಯಂತೆ ಕೇಳಿಸುತ್ತದೆ. ಇಡೀ ಸ್ಥಾಯಿ ಏರಿಸಿದರೆ ಅಂಥ ಬಾಯಿ ಯಾವ ಮನುಷ್ಯನಿಗೂ ಇರಲಾರದು. ಕೆಳಗಿಳಿಸಿದರೆ ಮನುಷ್ಯನೂ ಅಲ್ಲದ ಪ್ರಾಣಿಯೂ ಅಲ್ಲದ ಗೊಣಗು. ‘ಪ್ಲುಕ್ಸ್ ಕೂಬಾ’ದ ತೊದಲುವ ದನಿಗಳನ್ನು ಈ ಹಿನ್ನೆಲೆಯಲ್ಲಿ ಕೇಳಿದರೆ ಒಂದು ವಿಷಯ ಹೊಳೆಯುತ್ತದೆ. ದನಿಗಳನ್ನು ತಮಾಷೆಯ ಮಟ್ಟಕ್ಕೆ ಏರಿಸಿಲ್ಲ, ಭೂತದ ಮಟ್ಟಕ್ಕೆ ಇಳಿಸಿಯೂ ಇಲ್ಲ. ಗುರುತು ಸಿಗುವ ಗಡಿಯ ಆಸುಪಾಸಿನಲ್ಲೇ ಇಟ್ಟಿದ್ದಾರೆ. ಆಲ್ಬಮ್‌ನ ಮಟ್ಟ ಕಾಪಾಡಿರುವುದು ಈ ಸಂಯಮ.

ಮೂರನೆಯದು ಲೂಪ್. ಎರಡು ಸೆಕೆಂಡಿನ ಚೂರನ್ನು ಹತ್ತು ಸೆಕೆಂಡು ನುಡಿಸಬೇಕಾದರೆ ಅದರ ಒಂದು ಭಾಗವನ್ನು ಸುತ್ತಿಸಬೇಕು. ಫೋನಿನ ತಂಬೂರಿ ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡುವವರಿಗೆ ಇದು ಹೊಸದಲ್ಲ. ಅಗ್ಗದ ಆ್ಯಪ್‌ಗಳಲ್ಲಿ ಪ್ರತಿ ಸುತ್ತಿನ ಕೊನೆಯಲ್ಲಿ ಸಣ್ಣ ಮುಗ್ಗರಿಕೆ ಕೇಳುತ್ತದೆ, ಏಕೆಂದರೆ ತಂತಿಯ ಝೇಂಕಾರ ಸುತ್ತಿನ ಆರಂಭದಲ್ಲಿದ್ದ ಸ್ಥಿತಿಗೆ ಕೊನೆಯಲ್ಲಿ ಮರಳಿರುವುದಿಲ್ಲ. ಸ್ಯಾಂಪ್ಲರ್‌ನಲ್ಲಿ ಇದು ಅಳತೆಗೆ ತಕ್ಕಂತೆ ರೂಪ ಬದಲಿಸುತ್ತದೆ. ಲೂಪ್ 50 ಮಿಲಿಸೆಕೆಂಡಿಗಿಂತ ಚಿಕ್ಕದಾದರೆ ಸುತ್ತು ಬೇರೆ ಬೇರೆಯಾಗಿ ಕೇಳಿಸದೆ ಅದೇ ಒಂದು ಸ್ವರವಾಗಿಬಿಡುತ್ತದೆ. ಸೆಕೆಂಡಿಗೆ 32,000 ಅಳತೆಯ ಯಂತ್ರದಲ್ಲಿ 100 ಅಳತೆಗಳ ಲೂಪ್ ಹಾಕಿದರೆ 320 ಹರ್ಟ್ಝ್‌ನ ಸ್ವರ, ಒಳಗೆ ಮೊದಲು ಏನಿತ್ತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ಸೆಕೆಂಡಿನ ಲೂಪ್ ಆದರೆ ನಿಮಿಷಕ್ಕೆ 120ರ ತಾಳ ತಾನಾಗಿ ಹುಟ್ಟುತ್ತದೆ. ಇವೆರಡರ ನಡುವೆ, ಸುಮಾರು 80ರಿಂದ 200 ಮಿಲಿಸೆಕೆಂಡುಗಳಲ್ಲಿ, ಸ್ವರವೂ ಅಲ್ಲದ ತಾಳವೂ ಅಲ್ಲದ ನಡುಕ ಇದೆ. ಚೂರು ಸಂಗೀತ ಮಾಡುವವರಿಗೆ ತುಂಬ ಇಷ್ಟವಾಗುವ ಜಾಗ ಅದು.

ಮಾಡಿ ನೋಡುವುದು

ಕೇಳಿ ಅರ್ಥವಾಗದ್ದು ಮಾಡಿದರೆ ಅರ್ಥವಾಗುತ್ತದೆ, ಅದಕ್ಕೆ ಹಳೆಯ ಯಂತ್ರ ಬೇಕಿಲ್ಲ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ, ಫೋನಿನ ಮೈಕು, ಹೆಡ್‌ಫೋನ್ ಸಾಕು. ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಎಲ್ಲರೂ ಎಡವುವುದು ಅಲ್ಲೇ.

1. ಆರು ಶಬ್ದ ಹಿಡಿಯಿರಿ, ಮೊನೊದಲ್ಲಿ: ಒಂದು ‘ಆ’, ಒಂದು ‘ಊ’, ಒಂದು ಅರ್ಧ ಪದ, ಸ್ಟೀಲ್ ಲೋಟದ ಪೆಟ್ಟು, ಹಾರ್ಮೋನಿಯಂನ ಒಂದು ಮನೆ, ಒಂದು ಉಸಿರು. ಪ್ರತಿಯೊಂದನ್ನೂ 2 ಸೆಕೆಂಡಿಗೆ ಕತ್ತರಿಸಿ.

2. ನಾರ್ಮಲೈಸ್ ಬಳಸಿ ಪ್ರತಿ ಶಬ್ದದ ಶಿಖರವನ್ನು ಮೈನಸ್ 1 ಡೆಸಿಬೆಲ್‌ಗೆ ತನ್ನಿ. ಮೈನಸ್ 24ರಲ್ಲಿ ಬಿಟ್ಟರೆ ನಾಲ್ಕು ಬಿಟ್ ವ್ಯರ್ಥವಾಗಿ, 256 ಮೆಟ್ಟಿಲುಗಳಲ್ಲಿ 16 ಮಾತ್ರ ಉಳಿಯುತ್ತವೆ. ಆಗ ಬರುವುದು ಬರೀ ಗೊರಗೊರ.

3. ಟ್ರ್ಯಾಕ್ಸ್ ಮೆನುವಿನ ರೀಸ್ಯಾಂಪಲ್‌ನಲ್ಲಿ ದನಿಗಳಿಗೆ 16,000, ಲೋಟಕ್ಕೆ 10,000 ಕೊಡಿ.

4. ಪ್ರಿಫರೆನ್ಸಸ್‌ನ ಕ್ವಾಲಿಟಿ ವಿಭಾಗದಲ್ಲಿ ಡಿದರ್ ಅನ್ನು ‘ನನ್’ ಮಾಡಿ, ನಂತರ ಪ್ರತಿ ಶಬ್ದವನ್ನೂ 8 ಬಿಟ್‌ನ ವೇವ್ ಫೈಲಾಗಿ ಹೊರತೆಗೆದು ಮತ್ತೆ ಒಳಗೆ ತನ್ನಿ. ಡಿದರ್ ಚಾಲೂ ಇದ್ದರೆ ತಂತ್ರಾಂಶ ಮೆಟ್ಟಿಲುಗಳ ಕರಕರವನ್ನು ಒಂದೇ ಸಮನಾದ ಸುಯ್ಯೆಂಬ ಗಾಳಿಯಾಗಿ ಬದಲಿಸುತ್ತದೆ. ಅದು ಒಳ್ಳೆಯ ರೆಕಾರ್ಡಿಂಗಿಗೆ ಒಳ್ಳೆಯದೇ, ನಮ್ಮ ಕೆಲಸಕ್ಕೆ ಅಲ್ಲ.

5. ಶ್ರುತಿ ಬದಲಿಸಲು ‘ಚೇಂಜ್ ಸ್ಪೀಡ್’ ಬಳಸಿ, ‘ಚೇಂಜ್ ಪಿಚ್’ ಅಲ್ಲ. ಎರಡನೆಯದು ಅವಧಿಯನ್ನು ಹಾಗೇ ಉಳಿಸುವುದರಿಂದ ಹಳೆಯ ಗುಣ ಬರುವುದಿಲ್ಲ. ಐದು ಮನೆ ಮೇಲಕ್ಕೆ ಶೇ. 33.5 ಹೆಚ್ಚು, ಏಳು ಮನೆ ಮೇಲಕ್ಕೆ ಶೇ. 49.8 ಹೆಚ್ಚು, ಐದು ಮನೆ ಕೆಳಕ್ಕೆ ಶೇ. 25.1 ಕಡಿಮೆ, ಸ್ಥಾಯಿ ಕೆಳಕ್ಕೆ ಶೇ. 50 ಕಡಿಮೆ.

6. ಲೂಪ್‌ಗೆ ಬೇಕಾದ ಭಾಗವನ್ನು ಆಯ್ದು ಝಡ್ ಕೀಲಿ ಒತ್ತಿ. ಆಯ್ಕೆಯ ಎರಡೂ ತುದಿಗಳು ಅಲೆ ಸೊನ್ನೆ ಗೆರೆಯನ್ನು ದಾಟುವ ಬಿಂದುವಿಗೆ ಸರಿಯುತ್ತವೆ. ನಂತರ ‘ರಿಪೀಟ್’.

7. ಕೊನೆಗೆ ಲೋಪಾಸ್ ಫಿಲ್ಟರ್ (ಮೇಲಿನ ಕಂಪನಗಳನ್ನು ಸೋಸುವುದು), ಅದಾದ ಮೇಲೆ ಫೇಡ್ (ಶಬ್ದವನ್ನು ನಿಧಾನಕ್ಕೆ ಮೆಲುಮಾಡುವುದು).

ಮೂರನೇ ಹೆಜ್ಜೆಯ ಬಗ್ಗೆ ಒಂದು ಎಚ್ಚರಿಕೆ. ಆಡಾಸಿಟಿ ಸಭ್ಯ ತಂತ್ರಾಂಶ. ರೀಸ್ಯಾಂಪಲ್ ಮಾಡುವಾಗ ಮಡಚಿಕೊಳ್ಳಬಹುದಾದ ಕಂಪನಗಳನ್ನು ತಾನೇ ಸೋಸಿಬಿಡುತ್ತದೆ. ಲೋಟದ ಶಬ್ದ ಮಂಕಾಗುತ್ತದೆ ಹೊರತು ಮೇಲೆ ಹೇಳಿದ ವಿಚಿತ್ರ ಹೊಳಪು ಬರುವುದಿಲ್ಲ. ಅದು ಬೇಕೆಂದರೆ ಯಾವುದಾದರೂ ಉಚಿತ ಬಿಟ್‌ಕ್ರಷರ್ ಪ್ಲಗಿನ್ ಹಾಕಿ, ಅದರ ಸ್ಯಾಂಪಲ್ ರೇಟ್ ಇಳಿಸಿ. ಬಹುತೇಕ ಬಿಟ್‌ಕ್ರಷರ್‌ಗಳು ಸೋಸದೆ ಅಳತೆಗಳನ್ನು ಬಿಡುತ್ತಾ ಹೋಗುತ್ತವೆ. ಇಡೀ ತುಣುಕಿನ ಮೇಲೆ ಹಾಕಬೇಡಿ, ಒಂದು ಶಬ್ದಕ್ಕೆ ಸಾಕು.

ಏಳನೇ ಹೆಜ್ಜೆ ಕೊನೆಯಲ್ಲೇ ಏಕೆ? ಫೇಡ್ ಮಾಡಿ ಆಮೇಲೆ 8 ಬಿಟ್‌ಗೆ ಇಳಿಸಿದರೆ, ಮೆಲುವಾಗುತ್ತಾ ಹೋಗುವ ಬಾಲಕ್ಕೆ ಮೆಟ್ಟಿಲುಗಳು ಸಾಲದೆ ಅದು ಕೊನೆಯಲ್ಲಿ ಹರಿದು ಚೂರಾಗುತ್ತದೆ. ಮಿರಾಜ್‌ನಂಥ ಯಂತ್ರದಲ್ಲಿ ಹಾಗಾಗುತ್ತಿರಲಿಲ್ಲ. ಅಂಕಿಗಳಿಂದ ಶಬ್ದ ಮರಳಿ ವಿದ್ಯುತ್ ಅಲೆಯಾದ ಮೇಲೆ, ಪ್ರತಿ ದನಿಗೂ ಪ್ರತ್ಯೇಕವಾದ ಅನಲಾಗ್ ಫಿಲ್ಟರ್ ಅದನ್ನು ಮೃದುಗೊಳಿಸುತ್ತಿತ್ತು. ಕರಕರವೂ ಶಬ್ದದ ಜೊತೆಗೇ ಇಳಿದು ಮರೆಯಾಗುತ್ತಿತ್ತು. 8 ಬಿಟ್‌ನ ಒರಟುತನ ಮತ್ತು ಮೃದುವಾದ ಮುಕ್ತಾಯ ಒಟ್ಟಿಗೆ ಇರುವುದು ಹಳೆಯ ಸ್ಯಾಂಪ್ಲರ್‌ಗಳ ವಿಶೇಷ. ಇಂದಿನ ‘ಲೋಫೈ’ ಪ್ಲಗಿನ್‌ಗಳಲ್ಲಿ ಒಂದೇ ಗುಂಡಿ ತಿರುಗಿಸಿ ಕೆಡಿಸಿದ ಶಬ್ದಕ್ಕೆ ಈ ಮುಕ್ತಾಯ ಇರುವುದಿಲ್ಲ. ಹಾಗಾಗಿಯೇ ಅದು ಪೊಳ್ಳು ಎನಿಸುತ್ತದೆ. ಫಿಲ್ಟರಿಗೆ 3,000 ಹರ್ಟ್ಝ್‌ನಿಂದ ಶುರುಮಾಡಿ, ಕಿವಿ ನೋಡಿಕೊಂಡು ಮೇಲೆ ಕೆಳಗೆ ಸರಿಸಿ.

ಆರನೇ ಹೆಜ್ಜೆ ಕೈಕೊಡುವುದೂ ಸಾಮಾನ್ಯ. ಸೊನ್ನೆ ಗೆರೆ ದಾಟುವ ಬಿಂದು ಹಿಡಿದರೂ ‘ಟಿಕ್’ ಎಂದು ಕೇಳಿಸುತ್ತಿದ್ದರೆ, ಒಂದು ತುದಿಯಲ್ಲಿ ಅಲೆ ಏರುತ್ತಲೂ ಇನ್ನೊಂದು ತುದಿಯಲ್ಲಿ ಇಳಿಯುತ್ತಲೂ ಇರಬಹುದು. ಎರಡೂ ಕಡೆ ಏರುವ ಬಿಂದುವೇ ಆಗಬೇಕು. ‘ಟಿಕ್’ ಹೋಗಿ ಸುತ್ತಿಗೊಮ್ಮೆ ದನಿ ಕುಗ್ಗಿ ಹಿಗ್ಗಿದಂತಾದರೆ, ಕೊನೆಯನ್ನೂ ಆರಂಭವನ್ನೂ 20ರಿಂದ 50 ಮಿಲಿಸೆಕೆಂಡು ಒಂದರ ಮೇಲೊಂದು ಹಾಯಿಸಿ ಬೆರೆಸಿ. ಬೆರೆಸುವಾಗಲೂ ಲೆಕ್ಕ ಇದೆ. ಉಸಿರು, ಗಾಳಿ, ಜನರ ಗುಜುಗುಜು ಇಂಥ ಶಬ್ದಗಳನ್ನು ನೇರ ಇಳಿಜಾರಿನಲ್ಲಿ ಬೆರೆಸಿದರೆ ನಡುವೆ 3 ಡೆಸಿಬೆಲ್ ಕುಸಿತ ಬರುತ್ತದೆ. ಅವಕ್ಕೆ ಬಾಗಿದ ಇಳಿಜಾರು ಬೇಕು. ಹಾರ್ಮೋನಿಯಂನಂಥ ಸ್ಥಿರ ಸ್ವರಕ್ಕೆ ಅದು ತಿರುಗುಮುರುಗು: ಬಾಗಿದ ಇಳಿಜಾರು ನಡುವೆ ಉಬ್ಬು ತರುತ್ತದೆ, ನೇರವಾದದ್ದೇ ಸರಿ. ಇಷ್ಟು ಮಾಡಿಯೂ ಹೊಲಿಗೆ ಸ್ವಲ್ಪ ಕಂಡರೆ ಬಿಡಿ. ಕನವಾರೊ ಆಲ್ಬಮ್‌ನಲ್ಲೂ ಹೊಲಿಗೆಗಳು ಕಾಣುತ್ತವೆ, ಅವನ್ನು ಮುಚ್ಚುವ ಹಟ ಅಲ್ಲಿಲ್ಲ.

ಜೋಡಿಸುವಾಗ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಒಂದೇ ಹೊತ್ತಿಗೆ ಮೂರಕ್ಕಿಂತ ಹೆಚ್ಚು ಶಬ್ದಗಳು ಕೇಳದಿರಲಿ. ಒಂದು ಲೂಪನ್ನು 2.0 ಸೆಕೆಂಡಿಗೂ ಇನ್ನೊಂದನ್ನು 2.1 ಸೆಕೆಂಡಿಗೂ ಇಟ್ಟರೆ ಅವು ಮತ್ತೆ ಒಟ್ಟಿಗೆ ಕೂಡುವುದು 42 ಸೆಕೆಂಡಿನ ಮೇಲೆ. ಅಲ್ಲಿಯವರೆಗೆ ಪ್ರತಿ ಸುತ್ತೂ ಹೊಸ ಜೋಡಣೆ. ಹೊಸಬರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಎಲ್ಲದರ ಮೇಲೂ ಉದ್ದನೆಯ ರಿವರ್ಬ್ (ದೊಡ್ಡ ಹಾಲಿನಲ್ಲಿ ಅನುರಣಿಸಿದಂಥ ಗುಂಗು) ಸುರಿಯುವುದು. ಆಗ ಕಷ್ಟಪಟ್ಟು ಮಾಡಿದ ಚೂರುಗಳ ಅಂಚೆಲ್ಲ ಕರಗಿ, ಸ್ಪಾಗಳಲ್ಲಿ ಹಾಕುವ ಧ್ಯಾನ ಸಂಗೀತವಾಗಿಬಿಡುತ್ತದೆ. ರಿವರ್ಬ್ ಬೇಕೇ ಬೇಕಾದರೆ ಒಂದು ಶಬ್ದಕ್ಕೆ ಕೊಟ್ಟು ಉಳಿದವನ್ನು ಒಣಗಲು ಬಿಡಿ. ಹತ್ತಿರ ದೂರ ಎಂಬ ಭಾವ ಆಗ ಮಾತ್ರ ಹುಟ್ಟುತ್ತದೆ.

ಕಲೋನ್‌ನಲ್ಲಿ ಯಾಕೆ ನಾಟಿತು

1991ರ ಆ ಕೇಳುಗರು ಕಂಪ್ಯೂಟರ್, ಟೇಪು, ಅಗ್ಗದ ಸ್ಯಾಂಪ್ಲರ್‌ಗಳ ಜೊತೆ ಒದ್ದಾಡುತ್ತಿದ್ದವರು. ಯಂತ್ರದ ಗುರುತನ್ನು ಅಡಗಿಸದೆಯೂ ಮೃದುವಾದ ಸಂಗೀತ ಮಾಡಬಹುದು ಎಂಬುದಕ್ಕೆ ಇಲ್ಲಿ ಮಾದರಿ ಸಿಕ್ಕಿತು. ಅಲ್ಲಿಯವರೆಗೆ ಯಂತ್ರದ ಒರಟು ಶಬ್ದ ಎಂದರೆ ಇಂಡಸ್ಟ್ರಿಯಲ್ ಸಂಗೀತದ ಸಿಟ್ಟು ಎಂದೇ ರೂಢಿ. ಸಣ್ಣ ದನಿಯ, ಗದರಿಸದ ಎಲೆಕ್ಟ್ರಾನಿಕ್ ಸಂಗೀತ ಅವರಿಗೆ ಅಪರೂಪವಾಗಿತ್ತು.

1990ರ ದಶಕದ ನಡುವೆ ಜರ್ಮನಿಯ ‘ಓವಲ್’ ತಂಡ ಸಿಡಿಗಳ ಮೈಮೇಲೆ ಬಣ್ಣ ಬಳಿದು, ಅವು ತೊದಲುವ ಸದ್ದನ್ನು ಸಂಗ್ರಹಿಸಿ ಸಂಗೀತ ಕಟ್ಟಿತು. ಗ್ಲಿಚ್ ಎಂಬ ಹೆಸರಿಗೆ ಅರ್ಥ ಬಂದದ್ದು ಮುಖ್ಯವಾಗಿ ಅಂಥ ಕೆಲಸಗಳಿಂದ. ಓವಲ್‌ನ ತೊದಲು ಎಲ್ಲಿ ಬರುತ್ತದೆ ಎಂಬುದನ್ನು ಸಿಡಿ ಪ್ಲೇಯರ್ ತೀರ್ಮಾನಿಸುತ್ತಿತ್ತು; ಸಂಗೀತಗಾರರ ಕೆಲಸ ಆಮೇಲೆ ಆರಿಸುವುದು. ‘ಪ್ಲುಕ್ಸ್ ಕೂಬಾ’ದಲ್ಲಿ ಪ್ರತಿ ಕತ್ತರಿ ಕೈಯಿಂದ ಬಿದ್ದದ್ದು. ಕೇಳಿದಾಗ ಎರಡೂ ತೊದಲೇ, ಹಾಗಾಗಿ 1998ರಲ್ಲಿ ಓವಲ್ ಕೇಳಿ ಪಳಗಿದ ಕಿವಿಗಳಿಗೆ ಕನವಾರೊ ಪೂರ್ವಜರಂತೆ ಕಂಡರು. ಮರುಮುದ್ರಣ ಹೊರಬಂದ ಸಮಯ ಆಲ್ಬಮ್‌ನ ಅರ್ಥವನ್ನೇ ಒಂದು ಕಡೆಗೆ ವಾಲಿಸಿತು ಎನ್ನಬೇಕು. 1988ರ ಸಾಲಿನಲ್ಲಿಟ್ಟು ಕೇಳಿದರೆ ಅದರ ನೆಂಟಸ್ತನ ಮುಂದಿನ ಗ್ಲಿಚ್‌ಗಿಂತ ಟೇಪು ಕತ್ತರಿಸಿ ಅಂಟಿಸುತ್ತಿದ್ದ ಹಿಂದಿನ ಪರಂಪರೆಗೆ ಹೆಚ್ಚು ಹತ್ತಿರ. ಜೊತೆಗೆ ಪಾಪ್ ತಂಡದ ಕೀಬೋರ್ಡ್ ವಾದಕನಿಗೆ ಸಹಜವಾದ ರಾಗದ ಒಲವು ಇದೆ, ಟೇಪು ಪಂಡಿತರಲ್ಲಿ ಅದು ಅಷ್ಟಾಗಿ ಸಿಗದು. ಎಷ್ಟೇ ಚೂರಾದರೂ ಗುನುಗಲು ಒಂದು ಎಳೆ ಉಳಿದಿರುತ್ತದೆ.

ಕೇಳುವ ಕ್ರಮ

ಸಿಡಿಯ ನಂತರ ವಿನೈಲ್‌ನಲ್ಲೂ ಮರುಮುದ್ರಣ ಆಗಿದೆ. ಮೊದಲ ಸಲಕ್ಕೆ ಹೆಡ್‌ಫೋನ್ ಒಳ್ಳೆಯದು, ಆದರೆ ವಾಲ್ಯೂಮ್ ಕಡಿಮೆ ಇರಲಿ. ಮೆಲುಶಬ್ದದ ತುಣುಕುಗಳು ಕೇಳಿಸುತ್ತಿಲ್ಲವೆಂದು ಏರಿಸಿದರೆ ಮುಂದಿನ ಗಂಟೆಸ್ವರ ಕಿವಿಗೆ ಚುಚ್ಚುತ್ತದೆ. ಹಳೆಯ, ಅತಿಯಾಗಿ ಕುಗ್ಗಿಸಿದ ಎಂಪಿ3 ಸಿಕ್ಕರೆ ಅದರಲ್ಲಿ ಕೇಳಬೇಡಿ. ಎಂಪಿ3 ಮೊದಲು ಕಡಿತ ಮಾಡುವುದು ಶಬ್ದದ ಅಂಚಿನ ಸಣ್ಣ ಕರಕರವನ್ನೇ, ಮೇಲಾಗಿ ಚೂಪಾದ ಆರಂಭಗಳ ಮುಂದೆ ತನ್ನದೇ ಕಲೆ ಹಚ್ಚುತ್ತದೆ. ಆಮೇಲೆ ಯಾವುದು ಆಲ್ಬಮ್‌ನದು, ಯಾವುದು ಫೈಲಿನದು ಎಂದು ಬೇರೆ ಮಾಡಲು ಬಾರದು.

‘ವುಲ್ಫಿ’ಯಿಂದ ಶುರುಮಾಡಿದರೆ ರಾಗದ ಎಳೆ ಬೇಗ ಸಿಗುತ್ತದೆ. ‘ವಾಸ್ಕ್’ ಕೇಳುವಾಗ ಒಂದೊಂದು ಚೂರು ಎಲ್ಲಿ ಮುಗಿದು ಮತ್ತೆ ಎಲ್ಲಿ ಶುರುವಾಯಿತು ಎಂಬುದನ್ನಷ್ಟೇ ಹಿಂಬಾಲಿಸಿ. ಆಮೇಲೆ ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ಕೇಳಿ. ಹೆಸರಿಲ್ಲದ ತುಣುಕುಗಳು ಹೆಸರಿರುವವುಗಳ ನಡುವೆ ಯಾಕಿವೆ ಎಂಬುದು ಬಿಡಿಯಾಗಿ ಕೇಳಿದರೆ ತಿಳಿಯುವುದಿಲ್ಲ.

ಇದು ಹಿಡಿಸಿದರೆ ಮುಂದಿನದು ಕಾರ್ಲೋಸ್ ಮರಿಯಾ ತ್ರಿಂದಾದ್ ಜೊತೆ ಸೇರಿ ಕನವಾರೊ 1991ರಲ್ಲಿ ಮಾಡಿದ ‘ಮಿಸ್ಟರ್ ವೊಲೊಗಾಲು’. ಅಲ್ಲಿ ತುಣುಕುಗಳು ಉದ್ದ, ತಾಳ ಸ್ಪಷ್ಟ, ಶಬ್ದ ಹೆಚ್ಚು ನಯ. ‘ಪ್ಲುಕ್ಸ್ ಕೂಬಾ’ದ ಒರಟು ಅಂಚು ಅಲ್ಲಿ ಕಡಿಮೆ. ಕೆಲವರಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ನಯವನ್ನು ಕೇಳಿ ಬಂದವರು ಹಿಂದಿನದರಲ್ಲಿ ಚೂರು ಎಷ್ಟು ಚಿಕ್ಕದಿತ್ತು ಎಂಬುದನ್ನು ಹೆಚ್ಚು ಸುಲಭವಾಗಿ ಗುರುತಿಸುತ್ತಾರೆ.